ಹೆಂಡತಿಯ ಹಾಜರಿ

ಹೊಳೆನರಸೀಪುರದ ತೆಂಗಿನಕಾಯಿ ವ್ಯಾಪಾರಿ ಶಿವಕುಮಾರನಿಗೆ ಹೆಂಡತಿಯ ಎಂ.ಕಾಂ. ಮೇಲೆ ಕೋಪವಿರಲಿಲ್ಲ, ಅದರ ವೇಳಾಪಟ್ಟಿಯ ಮೇಲಿತ್ತು. ಪ್ರತಿಭಾ ವಾರದಲ್ಲಿ ಮೂರು ದಿನ ಹಾಸನದ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಉಳಿದ ಮೂರು ದಿನ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು. ಊರಲ್ಲಿಲ್ಲದ ಹೆಂಡತಿಯನ್ನು ಸಹಿಸಿಕೊಳ್ಳಬಹುದು. ಕಣ್ಣೆದುರಿಗೇ ಇದ್ದೂ ಇಲ್ಲದವಳನ್ನು ಏನು ಮಾಡುವುದು? (ಕಾಫಿ ಎಂದರೆ ತುಟಿಯ ಮೇಲೆ ಬೆರಳು. ತಿಂಡಿ ಎಂದರೆ ಕೆಂಗಣ್ಣು.)

ಅಂಥದೊಂದು ಮೊಬೈಲ್ ಪಾಠದ ಮಂಗಳವಾರ ಅರಕಲಗೂಡಿನಿಂದ ಅವನ ಚಿಕ್ಕಮ್ಮ ಹೇಳದೆ ಕೇಳದೆ ಬ್ಯಾಗು ಸಮೇತ ಬಂದಿಳಿದರು. ಬಿಸಿ ಅಕ್ಕಿರೊಟ್ಟಿ ಬಿಟ್ಟು ಬೇರೇನನ್ನೂ ಮುಟ್ಟದ ಜೀವ ಅದು.

"ರೀ, ನಂಗೆ ಹಾಜರಿ ಕಮ್ಮಿ ಇದೆ. ಇವತ್ತಿಂದು ತಪ್ಪಿದ್ರೆ ಪರೀಕ್ಷೆಗೆ ಕೂರ್ಸಲ್ಲ," ಎಂದಳು ಪ್ರತಿಭಾ.

"ನೀ ರೊಟ್ಟಿ ತಟ್ಟು. ಪಾಠಕ್ಕೆ ನಾ ಕೂತ್ಕತೀನಿ. ಮುಖ ತೋರಿಸ್ಬೇಕಾ?"

"ಮುಖಾನೂ ಬೇಡ, ಬಾಯೂ ಬೇಡ. ಮೇಡಂ ನನ್ನೆಸ್ರು ಕೂಗಿದ ತಕ್ಷಣ ಈ ಗುಂಡಿ ಒತ್ತಿ. 'ಪ್ರೆಸೆಂಟ್' ಅಂತ ಬರ್ದಿಟ್ಟಿದ್ದೀನಿ. ಕೈ ಮುಗೀತೀನಿ, ಅಷ್ಟು ಮಾಡಿ ಸಾಕು."

ಶಿವಕುಮಾರ ವಿದ್ಯಾರ್ಥಿನಿಯ ಪದವಿಯನ್ನು ಗಂಭೀರವಾಗಿ ಅಲಂಕರಿಸಿದ. ಮೇಘಶ್ರೀ ಮೇಡಂ ಹೆಸರು ಕೂಗತೊಡಗಿದರು. "ಪ್ರತಿಭಾ." ಬೆರಳು ಎದ್ದಿತು. ಎದ್ದದ್ದು ಅಲ್ಲೇ ನಿಂತಿತು. ಇಪ್ಪತ್ತು ವರ್ಷ ತೆಂಗಿನಕಾಯಿ ಮಂಡಿಯಲ್ಲಿ ಕೂತವನು ಹರಾಜಿನ ಮೊದಲನೇ ಕೂಗಿಗೆ ಎಂದೂ ಒಪ್ಪಿದವನಲ್ಲ. ಇನ್ನೆರಡು ಸಲ ಕೂಗಲಿ ಎಂದು ಬಿಗುಮಾನದಿಂದ ಕಾದ. ಮೇಡಂ ಮುಂದಿನ ಹೆಸರಿಗೆ ಹೋಗಿಬಿಟ್ಟರು.

ಗಾಬರಿಯಲ್ಲಿ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದ. ಮೈಕು ಹತ್ತಿಕೊಂಡಿತು.

"ಮೇಡಂ! ಪ್ರತಿಭಾ ಅವ್ಳೆ ಮೇಡಂ! ಬರ್ಕಳಿ!"

ಮೊಬೈಲಿನ ತುಂಬಾ ನಗು. "ಯಾರ್ರೀ ನೀವು?"

"ಅವ್ಳ ಯಜಮಾನ."

"ಪ್ರತಿಭಾ ಎಲ್ಲಿ?"

"ರೊಟ್ಟಿ ತಟ್ತಾವ್ಳೆ." (ಅವನು ಸುಳ್ಳು ಹೇಳುತ್ತಿದ್ದದ್ದು ಕಾಯಿಯ ಬೆಲೆಯಲ್ಲಿ ಮಾತ್ರ.)

"ಹಾಗಾದ್ರೆ ಗೈರುಹಾಜರಿ."

ಎರಡು ವರ್ಷ ಬಸ್ಸಿನಲ್ಲಿ ನಿಂತು ಓದಿದವಳ ಪರೀಕ್ಷೆ ತನ್ನ ಒಂದು ಬೆರಳಿನಿಂದ ಹೋಯಿತಲ್ಲ ಎಂದು ಶಿವಕುಮಾರನಿಗೆ ನಿಜಕ್ಕೂ ಸಂಕಟವಾಯಿತು. ಗೊತ್ತಿದ್ದದ್ದು ಒಂದೇ ವಿದ್ಯೆ, ಚೌಕಾಸಿಗಿಳಿದ.

"ತಪ್ಪು ನಂದು ಮೇಡಂ. ಇದೊಂದು ಆಕ್ಕೊಳಿ. ವಾರಕ್ಕೊಂದಿನ ಜಾಸ್ತಿ ಕಾಲೇಜಿಗೆ ಕಳಿಸ್ತೀನಿ."

"ಸಾಲದು."

"ಎಲ್ಡು ದಿನ?"

"ಮನೇಲಿ ಪಾಠ ಕೇಳೋಕೆ ನೀವು ಬಿಡಲ್ಲ ಅಂತ ಗೊತ್ತಾಯ್ತಲ್ಲ. ಉಳಿದ ಮೂರು ದಿನ ಇಲ್ಲಿಗೆ ಬೇರೆ ತಂಡ ಬರುತ್ತೆ, ಅವರ ಜೊತೆ ಕೂರಲಿ. ಆರು ದಿನಾನೂ ಕಳಿಸ್ತೀನಿ ಅಂತ ಬರೆದುಕೊಡಿ, ಇವತ್ತಿಂದು ಹಾಕ್ತೀನಿ."

"ಆಯ್ತು ಮೇಡಂ," ಎಂದ ಶಿವಕುಮಾರ, ಬೆವರು ಒರೆಸಿಕೊಳ್ಳುತ್ತಾ.

ಅಡುಗೆಮನೆಯ ಬಾಗಿಲಲ್ಲಿ ಪ್ರತಿಭಾ ನಿಂತಿದ್ದಳು. ಬೈಗುಳಕ್ಕೆ ತಲೆ ತಗ್ಗಿಸಿ ಕಾದ. ಅವಳು ನಾಳೆಯ ಸೀರೆಗೆ ಇಸ್ತ್ರಿ ಹಾಕಲು ಕೋಣೆಗೆ ಹೋದಳು.

ಬುಧವಾರ ಬೆಳಿಗ್ಗೆ ಅವಳನ್ನು ಏಳೂವರೆ ಬಸ್ಸಿಗೆ ಹತ್ತಿಸಿ ಬಂದ ಶಿವಕುಮಾರ, ಜಗಲಿಯಲ್ಲಿ ಕೂತಿದ್ದ ಚಿಕ್ಕಮ್ಮನ ಬಳಿ ನಯವಾಗಿ ಮಾತು ತೆಗೆದ.

"ಚಿಕ್ಕಮ್ಮ, ಇನ್ಮೇಲೆ ಮನೇಲಿ ನಿಮ್ಮನ್ನ ನೋಡ್ಕಳಾಕೆ ಯಾರೂ ಇರಾಕಿಲ್ಲ. ಅರಕಲಗೂಡು ಬಸ್ಸಿಗೆ ಬುಟ್ಟು ಬರ್ಲಾ?"

"ಅಯ್ಯೋ, ನೀನಿಲ್ವೇನಪ್ಪ? ಪಾಪ, ಆ ಹುಡ್ಗಿ ಪರೀಕ್ಷೆ ಮುಗಿಸೋಗಂಟ ನಿಂಗೆ ಜೊತೆಗಿದ್ದು ಓಗ್ತೀನಿ. ಈಗ ಒಲೆ ಅಚ್ಚು ಓಗು."