ಒಂದೇ ಹಾಳ್ಯಾಗ ಹಿಡಿಸ್ರಿ

ದರ್ಜಿಗೆ ಅಳತೆ ತಪ್ಪಿದ ಕುಪ್ಪಸ ಹೇಗೋ, ಕಂಪ್ಯೂಟರ್ ಆಪರೇಟರಿಗೆ ಪ್ರಿಂಟ್ ತಪ್ಪಿದ ಹಾಳೆ ಹಾಗೆ. ಎಷ್ಟು ಹುಷಾರಾಗಿದ್ದರೂ ವಾರಕ್ಕೊಂದು ಬಂದೇ ಬರುತ್ತದೆ. ನಾನು ಮಕ್ತಲ್‌ನವಳು. ಗುತ್ತಿಗೆ ಮೇಲೆ ಕೆಲಸ. ಮೊದಲು ಮಕ್ತಲ್, ಆಮೇಲೆ ನಾರಾಯಣಪೇಟೆ, ಈಗ ಗದ್ವಾಲ. ಕಳಿಸಿದ ಕಚೇರಿಗೆಲ್ಲ ಬಸ್ಸು ಹತ್ತಿ ಹೋಗಿದ್ದೇನೆ. ನನಗೆ ತಡೆದು ಕೂಡುವ ಸ್ವಭಾವವೇ ಇಲ್ಲ. ಪ್ರಿಂಟರ್ ಗುರ್ ಅನ್ನುವಷ್ಟರಲ್ಲಿ ಎದ್ದು ನಿಂತಿರುತ್ತೇನೆ. ಹಾಳೆ ಅರ್ಧ ಹೊರಗೆ ಬಂದರೆ ಸಾಕು, ಎಳೆಯಲು ಕೈ ಹೋಗುತ್ತದೆ. "ಪ್ರಿಂಟ್ ಕೊಡೋಕಿಂತ ಮೊದಲು ಪ್ರಿವ್ಯೂ ನೋಡವ್ವಾ" ಎಂದು ಕೆಲಸ ಕಲಿಸಿದವರು ಹೇಳಿದ್ದರು. ನೋಡಲು ಯಾರು ಬಿಡುತ್ತಾರೆ? ಬೆನ್ನ ಹಿಂದೆ ಯಾವಾಗಲೂ ಒಬ್ಬರು ನಿಂತು "ಆತೇನ್ರೀ? ಆತೇನ್ರೀ?" ಅನ್ನುತ್ತಲೇ ಇರುತ್ತಾರೆ.

ಸಹಿ ಕೆಳಗಿನ ಊರು

ಮಕ್ತಲ್‌ನಲ್ಲಿ ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಯಾವ ಊರಲ್ಲಿ ಎಷ್ಟು ಬೋರು, ಎಷ್ಟು ಕೈಪಂಪು ಎಂಬ ಪಟ್ಟಿ ತಗೊಂಡು ನಮ್ಮ ಸಾಹೇಬರು ಮೀಟಿಂಗಿಗೆ ಹೋಗಬೇಕಿತ್ತು. ಕೆಳಗೆ ಜೀಪು ಸ್ಟಾರ್ಟ್ ಆಗಿಯೇ ನಿಂತಿತ್ತು.

ಸಾಹೇಬರು ಹಾಳೆ ನೋಡಿ, "ಷರಾ ಬರಿಯೋ ಕಾಲಂ ಎಲ್ಲೈತಿ?" ಎಂದರು.

"ಅದೊಂದು ಬ್ಯಾರೆ ಹಾಳ್ಯಾಗ ಹೋಗೈತ್ರಿ ಸರ್."

"ಊರು ಒಂದು ಕಡೆ, ಷರಾ ಒಂದು ಕಡೆ ಇದ್ರ ನಾ ಏನು ಜೋಡಿಸ್ಕೋತ ಕೂಡ್ಲಾ? ಎಲ್ಲಾ ಒಂದೇ ಹಾಳ್ಯಾಗ ಹಿಡಿಸ್ರಿ!"

ಕಾಲಂಗಳನ್ನು ಮಾತ್ರ ಹಾಳೆಯ ಅಗಲಕ್ಕೆ ಹಿಡಿಸುವುದೇ ಬೇರೆ, ಇಡೀ ಪಟ್ಟಿಯನ್ನು ಒಂದು ಹಾಳೆಯಲ್ಲಿ ಹಿಡಿಸುವುದೇ ಬೇರೆ. ಪರದೆಯ ಮೇಲೆ ಎರಡೂ ಆಯ್ಕೆಗಳು ಒಂದರ ಕೆಳಗೊಂದು ಇರುತ್ತವೆ. ಕೆಳಗಿನಿಂದ ಡ್ರೈವರು ಹಾರನ್ ಹೊಡೆದ. ನಾನು ಗಾಬರಿಯಲ್ಲಿ ತಪ್ಪಿದ್ದನ್ನು ಒತ್ತಿದೆ. ನಾಲ್ಕು ಹಾಳೆಯ ಪಟ್ಟಿ ಕುಗ್ಗಿ ಒಂದಕ್ಕೆ ಬಂತು. ಸಾಹೇಬರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಕಿಟಕಿ ಹತ್ತಿರ ಹೋಗಿ ನೋಡಿದರು.

"ಏನವ್ವಾ ಇದು, ಪಟ್ಟಿನೋ ಇರುವಿ ಸಾಲೋ?"

ಮತ್ತೆ ಹಾರನ್. ಸಹಿ ಮಾಡಲು ಹಾಳೆಯಲ್ಲಿ ಜಾಗವೇ ಇರಲಿಲ್ಲ. ಸಾಹೇಬರು ಪಟ್ಟಿಯ ಮೇಲೆಯೇ ಬಾಲ ಎಳೆದು ಸಹಿ ಹೊಡೆದು ಓಡಿದರು.

ಸಂಜೆ ಬಂದವರು ನನ್ನ ಮೇಜಿನ ಮುಂದೆ ನಿಂತರು. "ದೊಡ್ಡ ಸಾಹೇಬ್ರು ಒಂದು ಊರಿನ ಹೆಸರು ಹೇಳಿ, ಅಲ್ಲಿ ನೀರಿನ ಪರಿಸ್ಥಿತಿ ಏನ್ರೀ ಅಂದ್ರು. ಹುಡುಕಿ ಹುಡುಕಿ ಸಾಕಾಗಿ, ಆ ಊರು ನನ್ನ ಸಹಿ ಕೆಳಗೈತ್ರಿ ಸರ್ ಅಂದೆ. ಅವರು ಏನು ತಿಳಕೊಂಡ್ರೋ, ಹಿಂಗ ಜವಾಬ್ದಾರಿ ತಗೊಳ್ಳೋ ಆಫೀಸರ್ ಬೇಕು ಅಂತ ಹೊಗಳಿದ್ರು!"

ತಪ್ಪಿಲ್ಲದ ಕೆಲಸ

ಅದೇ ಕಚೇರಿಯಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದರು. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಕೆಂಪು ಪೆನ್ನು. ನನ್ನ ಯಾವ ಹಾಳೆಗೂ ಅವರು ಕೆಂಪು ಗೀಟು ಎಳೆಯದೆ ಬಿಟ್ಟಿದ್ದಿಲ್ಲ. ಒಂದು ಮಧ್ಯಾಹ್ನ ನಾನು ಊಟಕ್ಕೆ ಎದ್ದಾಗ ನನ್ನ ಮೇಜಿಗೆ ಬಂದು, ತಮ್ಮ ಬುತ್ತಿ ಡಬ್ಬಿಯನ್ನು ಕೀಬೋರ್ಡಿನ ಮೇಲೆಯೇ ಇಟ್ಟು ಫೈಲು ಹುಡುಕಿದ್ದಾರೆ. ಡಬ್ಬಿ ಕೆಳಬಾಣದ ಗುಂಡಿಯ ಮೇಲೆ ಕುಂತುಬಿಟ್ಟಿದೆ. ಪಟ್ಟಿ ಸರಸರ ಕೆಳಗೆ ಇಳಿದು ಎಲ್ಲೋ ಪಾತಾಳಕ್ಕೆ ಹೋಗಿದೆ. ಡಬ್ಬಿ ಎತ್ತುವಾಗ ಬೆರಳು ತಾಗಿ ಅಲ್ಲೊಂದು ಚುಕ್ಕಿ ಬಿದ್ದಿದೆ.

ಆ ಒಂದು ಚುಕ್ಕಿಯನ್ನು ಮುಟ್ಟುವವರೆಗೆ ನಡುವಿನ ಖಾಲಿ ಹಾಳೆಗಳನ್ನೆಲ್ಲ ಪ್ರಿಂಟರ್ ಹೊರಗೆ ಹಾಕಲೇಬೇಕು. ನನಗೇನು ಗೊತ್ತು? ಊಟ ಮಾಡಿ ಬಂದು ಪ್ರಿಂಟ್ ಕೊಟ್ಟೆ. ಮೊದಲ ಮೂರು ಹಾಳೆಯಲ್ಲಿ ಅಕ್ಷರ ಬಂತು. ಆಮೇಲೆ ಬಿಳಿ ಹಾಳೆ. ಮತ್ತೆ ಬಿಳಿ ಹಾಳೆ. ನಾನು ಪ್ರಿಂಟರಿಗೂ ಕಂಪ್ಯೂಟರಿಗೂ ನಡುವೆ ಓಡಾಡಿದೆ, ಗುಂಡಿ ಒತ್ತಿದೆ, ತಂತಿ ಕಿತ್ತೆ. ಮತ್ತೆ ಚುಚ್ಚಿದರೆ ಬಿಟ್ಟಲ್ಲಿಂದ ಶುರುವಾಯಿತು. ಅಟೆಂಡರ್ ಬಾಗಿಲಲ್ಲೇ ನಿಂತು, "ಇದಕ್ಕ ನಿಂಬಿಹಣ್ಣು ಇಳಿಸಬೇಕ್ರಿ ಅಕ್ಕಾ" ಎಂದ.

ಹಿರಿಯ ಗುಮಾಸ್ತರು ಆ ಬಿಳಿ ಹಾಳೆಗಳ ಕಟ್ಟನ್ನು ತಮ್ಮ ಮೇಜಿಗೆ ಒಯ್ದರು. ಕೆಂಪು ಪೆನ್ನು ಹಿಡಿದು ಒಂದೊಂದೇ ಹಾಳೆ ತಿರುವಿದರು. ಕೊನೆಗೆ ಪೆನ್ನಿನ ಟೊಪ್ಪಿಗೆ ಹಾಕಿ ಹೇಳಿದರು: "ನೀ ಬಂದಾಗಿಂದ ತಪ್ಪಿಲ್ಲದ ಕೆಲಸ ಅಂದ್ರ ಇದೊಂದೇ ನೋಡವ್ವಾ."

ಹದಿನಾಲ್ಕು ಊರಿನ ಮಾಸ್ತರು

ನಾರಾಯಣಪೇಟೆಗೆ ಹೋಗುವ ಹೊತ್ತಿಗೆ ನಾನು ಸ್ವಲ್ಪ ಕಲಿತಿದ್ದೆ. ಪಟ್ಟಿಯ ತಲೆಬರಹ ಪ್ರತಿ ಹಾಳೆಯ ಮೇಲೂ ಬರುವಂತೆ ಮಾಡುವುದು ಗೊತ್ತಾಗಿತ್ತು. ಅದರ ಜಂಬ ಬೇರೆ. ಆಗ ಮನೆ ಮನೆ ಸರ್ವೆಗೆ ಮಾಸ್ತರುಗಳನ್ನು ಹಾಕುವ ಪಟ್ಟಿ ಬಂತು. ಹದಿನಾಲ್ಕು ಊರು, ಊರಿಗೊಂದು ಹಾಳೆ. ತಲೆಬರಹದ ಒಂದು ಸಾಲು ಹಿಡಿಯುವ ಬದಲು ಅವಸರದಲ್ಲಿ ಎರಡು ಸಾಲು ಹಿಡಿದೆ. ಎರಡನೇ ಸಾಲಿನಲ್ಲಿ ಮರಿಕಲ್ ಕಡೆಯ ಒಬ್ಬ ಮಾಸ್ತರ ಹೆಸರಿತ್ತು. ಅವರ ಹೆಸರು, ಫೋನ್ ನಂಬರಿನ ಸಮೇತ, ಹದಿನಾಲ್ಕೂ ಹಾಳೆಯ ತಲೆಯ ಮೇಲೆ ಬಂದು ಕುಂತಿತು.

ಸರ್ವೆ ದಿನ ಬೆಳಿಗ್ಗೆ ಆ ಮಾಸ್ತರಿಗೆ ಫೋನು ಶುರುವಾಯಿತು. "ಎಲ್ಲಿದ್ದೀರಿ ಸಾರ್? ಇಲ್ಲಿ ಕಾಯಾಕ ಹತ್ತೀವಿ." ಒಂದು ಇಡುವುದರೊಳಗೆ ಇನ್ನೊಂದು. ಬಾರದವರಿಗೆ ಮೆಮೊ ಎಂದು ಮೊದಲೇ ಹೇಳಿದ್ದರು. ಪಾಪ, ಮಾಸ್ತರು ಮೋಟರ್ ಸೈಕಲ್ ತೆಗೆದು ಒಂದು ಊರಿಗೆ ಓಡಿದರು. ಅಲ್ಲಿ ಹಾಜರಿ ಪುಸ್ತಕ ಬರುವಷ್ಟರಲ್ಲಿ ಎರಡನೇ ಊರಿನ ಫೋನು. ಅಲ್ಲಿಗೆ ಹೋದರೆ ಮೂರನೆಯದರದು. ಮಧ್ಯಾಹ್ನಕ್ಕೆ ಧೂಳಿನಲ್ಲಿ ಮಿಂದು ನಮ್ಮ ಕಚೇರಿಗೇ ಬಂದರು.

"ತಂಗೀ, ನಮ್ಮವ್ವ ನನ್ನ ಒಬ್ಬನ್ನೇ ಹಡದಾಳ. ನೀ ಹದಿನಾಕು ಮಂದಿ ಮಾಡೀಯಲ್ಲ!"

ನಾನು ಕೈ ಮುಗಿದು ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಎಲ್ಲ ಊರುಗಳಿಗೂ ನಾನೇ ಫೋನ್ ಮಾಡಿ ತಪ್ಪು ಒಪ್ಪಿಕೊಳ್ಳಲು ಕುಂತೆ. ಅಷ್ಟರಲ್ಲಿ ಹಾಜರಿಯ ವರದಿಗಳು ಒಂದೊಂದಾಗಿ ಬರತೊಡಗಿದವು. ಬಂದವರು, ಬಾರದವರು ಅಂತ ನೋಡದೆ ಪಟ್ಟಿಯಲ್ಲಿದ್ದ ಹೆಸರಿನ ಮುಂದೆಲ್ಲ ಗೀಟು ಹಾಕಿದ್ದರೇನೋ, ಹನ್ನೊಂದು ಊರುಗಳಲ್ಲಿ ಮಾಸ್ತರು ಹಾಜರ್! ಮೂರು ಊರುಗಳಲ್ಲಿ ಮಾತ್ರ ಗೈರು, 'ಸಹಿ ಮಾಡದೆ ಹೊರಟುಹೋದರು' ಎಂಬ ಷರಾ ಸಮೇತ. ಅವು ಯಾವುವು ಎಂದು ನೋಡಿದರೆ, ಮಾಸ್ತರು ಖುದ್ದಾಗಿ ಹೋಗಿ ಬಂದಿದ್ದ ಮೂರು ಊರು.

ಕುಣಿಯೋ ನವಿಲು

ಗದ್ವಾಲಕ್ಕೆ ಬಂದ ಮೇಲೆ ನಾನು ಬಾಡಿಗೆಗಿದ್ದ ಓಣಿಯಲ್ಲಿ ಮನೆ ಮನೆಗೂ ಮಗ್ಗ. ಎದುರು ಮನೆಯಲ್ಲಿ ಸೀರೆ ನೇಯುವ ಒಬ್ಬ ಅಜ್ಜ, ಅವರ ಸೊಸೆ. ಸೆರಗಿಗೆ ದೊಡ್ಡದೊಂದು ನವಿಲು ತರಬೇಕೆಂದು ಅಜ್ಜನಿಗೆ ಬಹಳ ವರ್ಷದ ಆಸೆ. ಸೊಸೆ ಜಾಣೆ. ಸ್ಪ್ರೆಡ್‌ಶೀಟಿನ ಚೌಕಗಳಿಗೆ ಬಣ್ಣ ತುಂಬಿ ತುಂಬಿ ನವಿಲು ಬರೆದಿದ್ದಳು. ಒಂದು ಚೌಕ ಅಂದರೆ ಒಂದು ಎಳೆ. ಪ್ರಿಂಟ್ ಮಾತ್ರ ನನ್ನದು.

ಆರು ಹಾಳೆ ಬಂತು. ಕೆಳಗೆ ನಂಬರ್ ಹಾಕಿ, "ಮ್ಯಾಲೆ ಮೂರು, ಕೆಳಗ ಮೂರು ಅಂಟಿಸ್ಕೊಳ್ರಿ" ಎಂದು ಹೇಳಿ ಬಸ್ಸಿಗೆ ಓಡಿದೆ. ಪ್ರಿಂಟ್ ಬರುವಾಗ ಹಾಳೆಗಳು ಮೊದಲು ಕೆಳಕ್ಕೆ ಇಳಿದು ಆಮೇಲೆ ಪಕ್ಕಕ್ಕೆ ಹೋಗುತ್ತವೆ, ಒಂದನೇ ಹಾಳೆಯ ಪಕ್ಕ ಎರಡನೆಯದಲ್ಲ, ಒಂದನೆಯದರ ಕೆಳಗೆ ಎರಡನೆಯದು ಎಂಬುದು ನನಗೆ ಆಗ ಹೊಳೆಯಲೇ ಇಲ್ಲ. ಸೊಸೆ ಆವತ್ತು ತವರಿಗೆ ಹೋಗಿದ್ದಳು. ಅಜ್ಜ ನಂಬರ್ ನೋಡಿ ಅಂಟಿಸಿದರು. ದೂರದ ಕಣ್ಣು ಚಲೋ ಇದ್ದರೂ ಹತ್ತಿರದ್ದು ಅವರಿಗೆ ಮಸುಕು. ಡಿಸೈನಿನಂತೆ ಎಳೆ ಎತ್ತಲು ಮಗ್ಗಕ್ಕೆ ಕಟ್ಟುವ ರಟ್ಟಿಗೆ ತೂತು ಹೊಡೆಯುವವ ಚೌಕ ಎಣಿಸಿ ತೂತು ಹೊಡೆದ. ಅವನಿಗೆ ನವಿಲಾದರೇನು, ಕೋಳಿಯಾದರೇನು? ನೇಯ್ದಂತೆಲ್ಲ ಬಟ್ಟೆ ಸುತ್ತಿಕೊಂಡು ಹೋಗುವುದರಿಂದ ಅಜ್ಜನಿಗೆ ನವಿಲು ಪೂರ್ತಿ ಕಾಣಲೂ ಇಲ್ಲ.

ಎಂಟು ದಿನಕ್ಕೆ ಅಜ್ಜ ನೇಯ್ದ ಸೆರಗನ್ನು ಮಡಚಿ ತಂದು ನನ್ನ ಮುಂದೆ ಬಿಚ್ಚಿದರು. ಕೊಕ್ಕಿನ ಬಾಜೂಕ್ಕೆ ಒಂದು ಕಾಲು. ಗರಿಯ ನಡುವೆ ಕಣ್ಣು. ಜುಟ್ಟು ಎಲ್ಲೋ ಹೊಟ್ಟೆ ಕೆಳಗೆ.

"ಇದು ಏನವ್ವಾ?"

ನನಗೆ ಅಳು ಬಂತು. ರೇಷ್ಮೆ, ಜರಿ, ಎಂಟು ದಿನದ ಕೈ. "ಅಜ್ಜಾ, ನನ್ನ ತಪ್ಪರಿ. ಈಗಿಂದೀಗ ಸರಿ ಮಾಡಿ ಕೊಡ್ತೀನಿ" ಎಂದೆ. ಅಜ್ಜ ಸೆರಗು ಮಡಚಿಕೊಂಡು ಹೋದರು. ಬೈದಿದ್ದರೆ ವಾಸಿಯಿತ್ತು. ಆ ವಾರವೆಲ್ಲ ನನಗೆ ಕುಂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಎದುರು ಮನೆಯ ಮಗ್ಗ ಟಕ್ ಎಂದರೆ ಕಿಟಕಿ ಮುಚ್ಚುತ್ತಿದ್ದೆ. ಬಾಗಿಲು ತೆರೆಯಲು ಅಂಜಿ ಹಿತ್ತಿಲ ದಾರಿಯಿಂದ ಓಡಾಡಿದೆ.

ಭಾನುವಾರ ಹಿತ್ತಿಲಲ್ಲೇ ಸಿಕ್ಕಿಬಿದ್ದೆ. ಅಜ್ಜ ಅಲ್ಲೇ ಬಂದು ನಿಂತಿದ್ದರು.

"ಹೈದರಾಬಾದಿನ ಯಾಪಾರಿ ಬಂದಿದ್ದ. ಮೂಲ್ಯಾಗ ಇಟ್ಟಿದ್ದ ಆ ಸೆರಗು ನೋಡಿಬಿಟ್ಟ. ಇದು ಯಾವ ಡಿಸೈನು ಅಂದ. ಸೊಸಿ ಥಟ್ಟನ, ಇದು ಕುಣಿಯೋ ನವಿಲು ಅಂದಳು."

"ಆಮ್ಯಾಲ?"

"ನಿಂತ ನವಿಲು ಎಲ್ಲಾರ ಹತ್ರ ಐತಿ, ಕುಣಿಯೋದು ನಿಮ್ಮ ಹತ್ರ ಮಾತ್ರ ಐತಿ ಅಂದ. ಇಂಥವೇ ಹತ್ತು ಸೀರಿ ನೇಯಾಕ ಹೇಳಿ ಹೋದ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅಜ್ಜ ಮಾತ್ರ ಹೋಗಲಿಲ್ಲ. ಬಗಲಿನಿಂದ ಒಂದು ಕಾಗದದ ಸುರುಳಿ ತೆಗೆದರು. ಅದರಲ್ಲಿ ಅಂದವಾದ ಒಂದು ಹಂಸ. ಕೊಕ್ಕು ಕೊಕ್ಕಿನ ಜಾಗದಲ್ಲಿ, ಕಾಲು ಕಾಲಿನ ಜಾಗದಲ್ಲಿ.

"ಇದು ಬಾಜೂ ಮಗ್ಗದವನ್ದು. ಎಷ್ಟು ಚಲೋ ಬರಸ್ಯಾನ ನೋಡು. ಪಾಪ, ಯಾರೂ ತಗೊಳ್ಳಾಕ ಹತ್ತಿಲ್ಲ. ಇದನ್ನೂ ನಿನ್ನ ಕೈಲೆ ಹಂಗೇ ಕೆಡಿಸಿ ಕೊಡಬೇಕಂತ."

"ಕೆಡಿಸೋದೇನು ಕಷ್ಟ ಅಲ್ಲಜ್ಜಾ. ಎಷ್ಟು ಕೆಡಬೇಕು ಹೇಳ್ರಿ."

ಅಜ್ಜ ಸುರುಳಿಯನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಗಂಭೀರವಾಗಿ ಯೋಚಿಸಿ ಹೇಳಿದರು:

"ತಲಿ ಒಂದು ಇದ್ದಲ್ಲೇ ಇರಲವ್ವಾ. ಕಾಲು ನಿನಗ ಬಿಟ್ಟಿದ್ದು."