ಹಂದನಕೆರೆ ತೋಟದಲ್ಲಿ ನಾನು ಗಿಡ ಬೆಳೆಸಿದ್ದು

ಗಿಡ ನೆಡಿಸುವ ಕೆಲಸ ಮಾಡಿದವನಿಗೆ ನಗೋ ಪ್ರಸಂಗಗಳಿಗೇನೂ ಬರವಿಲ್ಲ. ಆದರೆ ಅವು ನಡೆಯುವಾಗ ನಗು ಬರಲ್ಲ, ಅಷ್ಟೇ.

ತೆಂಗಿಗೆ ನುಸಿ ಬಿದ್ದು ಕಾಯಿ ಮುಷ್ಟಿಯಷ್ಟಾಗಿದ್ದ ಕಾಲ. ಬರೀ ತೆಂಗು ನಂಬಿ ಕೂರಬೇಡಿ, ಬದುವಿನ ಮೇಲೆ ಬೇರೆ ಮರಾನೂ ಬೆಳೆಸಿ ಅಂತ ರೈತರಿಗೆ ಹೇಳೋದು ನನ್ನ ಕೆಲಸ. ಒಂದು ವರ್ಷದ ಗುತ್ತಿಗೆ. ಹಂದನಕೆರೆ ಕಡೆಯ ಒಬ್ಬ ಯಜಮಾನರ ತೋಟವನ್ನು ಮಾದರಿ ತೋಟ ಅಂತ ಆರಿಸಿದ್ದೆ. ವರ್ಷದ ಕೊನೆಗೆ ತಪಾಸಣೆಗೆ ಅಧಿಕಾರಿ ಬಂದಾಗ ಅಲ್ಲಿ ಗಿಡ ಬದುಕಿದ್ದರೆ ನನ್ನ ಕೆಲಸವೂ ಬದುಕುತ್ತಿತ್ತು. ಆಗತಾನೇ ಮದುವೆಯಾಗಿತ್ತು. ಮಾವನವರಿಗೆ ಕೆಲಸ ಪರ್ಮನೆಂಟ್ ಅಂತ ಹೇಳಿಬಿಟ್ಟಿದ್ದೆ.

ಅಟ್ಟ

ಮೊದಲು ಗ್ಲಿರಿಸಿಡಿಯಾ ಅನ್ನೋ ಗೊಬ್ಬರದ ಗಿಡದ ಕಡ್ಡಿಗಳನ್ನು ಒಂದು ಕಟ್ಟು ಕೊಟ್ಟೆ. ನೆಲಕ್ಕೆ ಚುಚ್ಚಿದರೆ ಸಾಕು, ಚಿಗುರುತ್ತೆ. ತಿಂಗಳು ಬಿಟ್ಟು ಹೋದರೆ ಬದು ಖಾಲಿ.

“ಕಡ್ಡಿ ಎಲ್ಲಿ ಯಜಮಾನ್ರೇ?”

“ಅಟ್ಟದ ಮ್ಯಾಲೆ ಐತೆ. ಹಸೀದು ಕೊಟ್ಟಿದ್ರಿ, ಒಣಗ್ಲಿ ಅಂತ.”

ಇಲ್ಲಿಯವರು ತೆಂಗಿನಕಾಯನ್ನು ವರ್ಷಗಟ್ಟಲೆ ಅಟ್ಟದಲ್ಲಿಟ್ಟು ಕೊಬ್ಬರಿ ಮಾಡುವವರು. ಒಣಗದ ವಸ್ತುವಿನ ಮೇಲೆ ಇವರಿಗೆ ನಂಬಿಕೆ ಇಲ್ಲ.

“ನಾಕು ಕಡ್ಡಿ ಮಾತ್ರ ನಾನು ಅವತ್ತೇ ತಗಂಡೆ ಕಣಪ್ಪ, ಮೇಕೆ ಗೂಟಕ್ಕೆ,” ಅಂದರು ಯಜಮಾನರ ಹೆಂಡತಿ.

ಗೂಟದ ವಿಷಯ ಯಾರಿಗೆ ಬೇಕಿತ್ತು? ನಾನು ಏಣಿ ಹತ್ತಿ ಉಳಿದ ಕಡ್ಡಿ ನೋಡಿದೆ. ಚೆನ್ನಾಗಿ ಒಣಗಿದ್ದವು.

ಗುಂಡಿ

ಎರಡನೇ ಸಲ ಹಲಸಿನ ಸಸಿ ಕೊಟ್ಟೆ, ಗೇಣುದ್ದದವು. “ಅಟ್ಟಕ್ಕಲ್ಲ, ಭೂಮಿಗೆ,” ಅಂತ ಎರಡೆರಡು ಸಲ ಹೇಳಿದೆ. ಮುಂದಿನ ವಾರ ಹೋದರೆ ಮತ್ತೆ ಬದು ಖಾಲಿ.

“ಇವತ್ತೂ ಕಾಣ್ತಿಲ್ವಲ್ಲ ಯಜಮಾನ್ರೇ?”

“ಹಂಗೆ ನಿಂತ್ರೆ ಎಲ್ಲಿ ಕಾಣುತ್ತೆ? ಬಗ್ಗಿ ನೋಡಿ.”

ತೆಂಗಿನ ಸಸಿಗೆ ತೋಡುವ ಹಾಗೆ ಮೂರಡಿ ಗುಂಡಿ ತೋಡಿ, ತಳದಲ್ಲಿ ಸಸಿ ಇಟ್ಟಿದ್ದರು. ಒಂದು ಮಳೆ ಬಂದಿದ್ದರೆ ಮುಗಿದೇಹೋಗುತ್ತಿತ್ತು. ಇಡೀ ದಿನ ನಾವಿಬ್ಬರೂ ಗುಂಡಿ ತುಂಬಿ, ಸಸಿಗಳನ್ನು ಮೇಲೆ ತಂದು ನೆಟ್ಟೆವು. ಸಂಜೆ ಮಜ್ಜಿಗೆ ಕೊಡುತ್ತಾ ಅವರು ನನಗೆ ಸಮಾಧಾನ ಹೇಳಿದರು. “ಹೋಗ್ಲಿ ಬುಡಿ, ನಿಮ್ಗೆ ತೆಂಗಿನ ಅನುಭವ ಇಲ್ಲ.”

ಮಂದೆ

ಸಸಿಗಳು ಮೊಣಕಾಲುದ್ದ ಬಂದವು. ದಿನಾ ಕನಸಿನಲ್ಲಿ ಅವೇ. ಅಧಿಕಾರಿ ಬರಲು ಎರಡು ದಿನ ಇದೆ ಅನ್ನುವಾಗ ತೋಟಕ್ಕೆ ಹೋದೆ. ಒಂದೆಲೆ ಇಲ್ಲ. ಬರೀ ಕಡ್ಡಿ, ಸುತ್ತ ಕುರಿ ಹಿಕ್ಕೆ.

“ನಿಮ್ ಕೆಲ್ಸ ಉಳೀಲಿ, ಒಳ್ಳೆ ಗೊಬ್ಬರ ಆಗ್ಲಿ ಅಂದ್ಕಂಡು ರಾತ್ರಿ ಕುರಿ ಮಂದೆ ನಿಲ್ಸಿದ್ದೆ ಕಣ್ರೀ,” ಅಂದರು ಯಜಮಾನರು. “ಗಿಡ ಮುಟ್ಬ್ಯಾಡಿ ಅಂತ ಕುರಿಯೋನಿಗೆ ಸ್ಪಷ್ಟವಾಗಿ ಹೇಳಿದ್ದೆ.”

ಕುರಿಯವನು ಅಲ್ಲೇ ಕಂಬಳಿ ಮಡಚುತ್ತಿದ್ದ. “ನಾನೇನೂ ಮುಟ್ಟಿಲ್ಲ ಕಣ್ಸಾಮಿ,” ಅಂದ.

ಹಗ್ಗ

ಅಧಿಕಾರಿ ಬಂದರು. ಬದು ನೋಡಿದರು, ನನ್ನ ಮುಖ ನೋಡಿದರು, ಪೆನ್ನು ತೆಗೆದರು. ನನಗೆ ಮಾವನವರ ಮುಖ ಕಣ್ಣ ಮುಂದೆ ಬಂತು.

“ಎಳನೀರು ಕುಡ್ಕಂಡು ಹೋಗಿ,” ಅಂತ ಯಜಮಾನರ ಹೆಂಡತಿ ಹಿತ್ತಲಿಗೆ ಕರೆದರು. ಆಳುದ್ದದ ನಾಲ್ಕು ಗಿಡ, ಮೈತುಂಬ ಹಸಿರು. ಗೂಟಗಳು ಚಿಗುರಿಬಿಟ್ಟಿದ್ದವು. ಮೇಕೆಗಳು ಮೇಯಲು ಹೋಗಿದ್ದವು.

“ಇದರಿಂದ ಏನಮ್ಮ ಉಪಯೋಗ?” ಅಂದರು ಅಧಿಕಾರಿ.

“ಹಸೀ ಸೊಪ್ಪು ಮೇಕೆ ಮೂಸಲ್ಲ. ಬಾಡ್ಸಿ ಹಾಕಿದ್ರೆ ತಿಂತವೆ, ಹಾಲು ಜಾಸ್ತಿ. ಮಿಕ್ಕಿದ ಸೊಪ್ಪು ತೆಂಗಿನ ಬುಡಕ್ಕೆ, ಪುಳ್ಳೆ ಒಲೆಗೆ.”

ವರ್ಷವೆಲ್ಲ ನಾನು ಮಾಡಿದ ಭಾಷಣ ಅದೇ. ಆಕೆ ಒಂದು ದಿನವೂ ಕೇಳಿಸಿಕೊಂಡಂತೆ ಕಂಡಿರಲಿಲ್ಲ.

ಅಧಿಕಾರಿ ಒಂದೊಂದೇ ಗಿಡ ಮುಟ್ಟಿ ನೋಡಿದರು. ನಾಲ್ಕಕ್ಕೂ ಬುಡದಲ್ಲಿ ಹಗ್ಗ.

“ಗಿಡಕ್ಕೆ ಯಾಕಮ್ಮ ಹಗ್ಗ?”

ಆಕೆ ನನ್ನ ಕಡೆ ಕಣ್ಣು ಹಾಯಿಸಿದರು.

“ಇವ್ರು ಕೊಟ್ಟ ಗಿಡ ಒಂದೂ ನಿಲ್ಲಲ್ಲ ಸಾಮಿ. ಅದಕ್ಕೆ ಇವನ್ನಾದ್ರೂ ಕಟ್ಟಾಕಿದೀನಿ.”

ಅಧಿಕಾರಿ ನಗಲಿಲ್ಲ. ‘ಸಂರಕ್ಷಣಾ ಕ್ರಮ: ಹಗ್ಗ’ ಅಂತ ಬರೆದು ಸಹಿ ಹಾಕಿದರು. ಮಾವನವರಿಗೆ ನಾನು ಹೇಳಿದ್ದ ಸುಳ್ಳು ಇನ್ನೊಂದು ವರ್ಷಕ್ಕೆ ನಿಜವಾಯಿತು.