ಬಾಡಿಗೆ ಪಾತ್ರೆಗಳು ಮತ್ತು ಅಣ್ಣನ ಪ್ರೋಗ್ರಾಂ

ತೀರಿಕೊಂಡವರ ಸಾಮಾನುಗಳನ್ನು ಏನು ಮಾಡಬೇಕೆಂಬುದಕ್ಕೆ ಪ್ರತಿ ಮನೆಯಲ್ಲೂ ಒಂದು ಕ್ರಮವಿರುತ್ತದೆ. ಅಂಗಿ, ಪಂಚೆಗಳನ್ನು ಯಾರಿಗಾದರೂ ಕೊಡಬಹುದು. ಕನ್ನಡಕ ಕಪಾಟಿನಲ್ಲಿ ಉಳಿಯುತ್ತದೆ. ಕೊಡೆಯನ್ನು ಮಳೆ ಬಂದ ದಿನ ಯಾರೋ ಕೇಳದೆಯೇ ಒಯ್ಯುತ್ತಾರೆ. ಆದರೆ ತೀರಿಕೊಂಡವರು ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದಿಟ್ಟು ಹೋದರೆ ಅದನ್ನು ಏನು ಮಾಡಬೇಕೆಂದು ನಮ್ಮ ಕಡೆಯ ಯಾವ ಹಿರಿಯರೂ ಹೇಳಿಕೊಟ್ಟಿಲ್ಲ. ಅಣ್ಣನ ಅಂಗಿಗಳನ್ನು ನಾನೇ ಇಟ್ಟುಕೊಳ್ಳೋಣವೆಂದು ಹಾಕಿ ನೋಡಿದೆ, ಗುಂಡಿಗಳು ಒಪ್ಪಲಿಲ್ಲ. ಪ್ರೋಗ್ರಾಂ ಮಾತ್ರ ನನ್ನ ಹೊಟ್ಟೆಯ ಗಾತ್ರ ನೋಡದೆ ನನ್ನ ಪಾಲಿಗೆ ಬಂತು.

ಪುತ್ತೂರಿನಲ್ಲಿ ನಮ್ಮದು ಬಾಡಿಗೆ ಪಾತ್ರೆಯ ಅಂಗಡಿ. ಕಡಾಯಿ, ಕೊಪ್ಪರಿಗೆ, ಸೌಟು, ಕುರ್ಚಿ, ಶಾಮಿಯಾನ ಎಲ್ಲ ಉಂಟು. ಪಾತ್ರೆ ಎಣಿಸುವವನು ನಾನು, ಕಂಪ್ಯೂಟರಿನ ಮುಂದೆ ಕೂರುವವನು ಅಣ್ಣ. ಯಾವುದೋ ಕಾಲದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಲಾಸಿನಲ್ಲಿ ಕಲಿತದ್ದನ್ನು ನೆಚ್ಚಿಕೊಂಡು ಅಂಗಡಿಯ ಪ್ರೋಗ್ರಾಂ ಅವನೇ ಬರೆದಿದ್ದ. ಕಪ್ಪು ಪರದೆ, ಹಸಿರು ಅಕ್ಷರ, ಇಂಗ್ಲಿಷ್ ಲಿಪಿಯಲ್ಲಿ ಕನ್ನಡ. ಮೌಸನ್ನು ಎಷ್ಟು ಎಳೆದಾಡಿದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಹೊಸ ಬಿಲ್ಲು ಶುರು ಮಾಡಿದರೆ ‘ಎಂತ ಕಾರ್ಯಕ್ರಮ?’ ಎಂದು ಕೇಳುತ್ತದೆ, ಥೇಟ್ ಅಣ್ಣ ಗಿರಾಕಿಗಳನ್ನು ಕೇಳುತ್ತಿದ್ದ ಹಾಗೆ. ಹೋದ ವರ್ಷ ಅವನು ಹೋದ ಮೇಲೆ ಆ ಕುರ್ಚಿಯಲ್ಲಿ ನಾನು ಕೂರತೊಡಗಿದೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲೂ ಸುಮ್ಮನೆ ಹೊಸ ಬಿಲ್ಲು ಶುರು ಮಾಡುತ್ತಿದ್ದೆ. ‘ಎಂತ ಕಾರ್ಯಕ್ರಮ?’ ಎನ್ನುತ್ತಿತ್ತು. ‘ಎಂತದೂ ಇಲ್ಲ’ ಎಂದು ಹೇಳಿ ಮುಚ್ಚುತ್ತಿದ್ದೆ.

ಈ ನಡುವೆ ಕಂಪ್ಯೂಟರ್ ಹಟ ಮಾಡತೊಡಗಿತು. ಬೆಳಿಗ್ಗೆ ಬೆನ್ನು ತಟ್ಟಿದರೆ ಮಾತ್ರ ಏಳುತ್ತದೆ. ಕಡಬದ ಸೌಮ್ಯ ಎಂಬ ಹುಡುಗಿ ಗೆಳತಿಯೊಬ್ಬಳ ಜೊತೆ ಪುತ್ತೂರಿನಲ್ಲೇ ಸಾಫ್ಟ್‌ವೇರ್ ಆಫೀಸು ನಡೆಸುತ್ತಾಳೆ. ಅವಳನ್ನು ಕರೆದು ತೋರಿಸಿದೆ.

“ಕುಶಾಲಣ್ಣ, ಇದು ಇನ್ನೊಂದು ಮಳೆಗಾಲ ತೆಗೆಯುದಿಲ್ಲ. ಈ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ಓಡುದೂ ಇಲ್ಲ” ಎಂದಳು.

“ಹಾಗಾದ್ರೆ ಇದನ್ನು ಬಿಸಾಡುದಾ?”

“ಎಂತಕ್ಕೆ ಬಿಸಾಡುದು ಮಾರಾಯ್ರೆ? ಈಗ ಅದಕ್ಕೇ ಟೂಲ್ ಉಂಟು. ಹಳೇ ಭಾಷೆಯಲ್ಲಿ ಬರೆದದ್ದನ್ನು ಕೊಟ್ರೆ ಹೊಸ ಭಾಷೆಗೆ ಅದೇ ತಿರುಗಿಸ್ತದೆ.”

“ಅಣ್ಣ ಮಾಡಿದ್ದು ಎಲ್ಲ ಬರ್ತದಾ?”

“ಬರೆದದ್ದೆಲ್ಲ ಬರ್ತದೆ.”

ನನಗೆ ಬೇಕಾಗಿದ್ದದ್ದು ಅದೊಂದೇ. ಆದರೂ ಮದುವೆಯ ಸೀಸನ್ ಮುಗಿಯಲಿ, ಷಷ್ಠಿ ಜಾತ್ರೆ ಕಳೆಯಲಿ ಎಂದು ದಿನ ದೂಡಿದೆ. ಅಣ್ಣನನ್ನು ಒಂದು ಸಲ ಕಳುಹಿಸಿಕೊಟ್ಟವನಿಗೆ ಎರಡನೆಯ ಸಲಕ್ಕೆ ಧೈರ್ಯ ಸಾಲುತ್ತಿರಲಿಲ್ಲ. ಕೊನೆಗೆ ಒಂದು ದಿನ ಕಂಪ್ಯೂಟರ್ ತಟ್ಟಿದರೂ ಏಳದೆ, ಒದ್ದ ಮೇಲೆ ಎದ್ದಿತು. ಆಗ ಒಪ್ಪಿದೆ.

ಸೌಮ್ಯಳ ಟೂಲ್ ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅಣ್ಣನ ಇಷ್ಟು ವರ್ಷಗಳ ಬುದ್ಧಿಯನ್ನು ಹೊಸ ಭಾಷೆಗೆ ತಿರುಗಿಸಿಬಿಟ್ಟಿತು. ಆಮೇಲೆ ಅದಕ್ಕೆ ಸಂಶಯಗಳು ಬಂದವು. ಹೆಣ್ಣು ನೋಡಲು ಬಂದವರು ಕೂಡ ಅಷ್ಟು ಪ್ರಶ್ನೆ ಕೇಳುವುದಿಲ್ಲ.

“ಎರಡು ಸೌಟು ಕಡಿಮೆ ಬಂದ್ರೂ ಎಲ್ಲ ಬಂತು ಅಂತ ತೋರಿಸ್ತದೆ. ಇದು ತಪ್ಪಾ, ಬೇಕೂಂತ ಮಾಡಿದ್ದಾ?” ಸೌಮ್ಯ ಓದಿದಳು.

“ಬೇಕೂಂತಲೇ. ಸೌಟು ಹೋಗುದು ನೆಂಟರು ಉಳಿದ ಅಡುಗೆ ಒಯ್ಯುವ ಪಾತ್ರೆ ಜೊತೆ. ನೆಂಟರ ಮನೆಯಲ್ಲಿ ಮದುವೆ ಆಗುವಾಗ ತಿರುಗಿ ನಮ್ಮಲ್ಲಿಗೇ ಬರ್ತದೆ.”

“ಉಪ್ಪಿನಂಗಡಿಗೆ ಮಳೆಗಾಲದಲ್ಲಿ ವಾಪಸು ತರುವ ತಾರೀಕೇ ಇಲ್ಲ?”

“ಅಲ್ಲಿ ನೆರೆ ಬಂದ್ರೆ ಹೊಳೆ ಹೇಳಿದ್ದೇ ತಾರೀಕು. ಅದನ್ನು ಯಾರು ಟೈಪ್ ಮಾಡುದು?”

ಅವಳು ಬಿದ್ದುಬಿದ್ದು ನಕ್ಕಳು. “ನಿಮ್ಮಣ್ಣ ಪ್ರೋಗ್ರಾಂ ಬರ್ದದ್ದಲ್ಲ ಮಾರಾಯ್ರೆ, ಊರನ್ನೇ ಒಳಗೆ ಹಾಕಿದ್ದಾರೆ!” ನನಗೆ ಜಂಬ ಬಂತು. ಅಣ್ಣನ ಪರವಾಗಿ ಉತ್ತರ ಹೇಳುತ್ತಾ ಹೇಳುತ್ತಾ ಅವನ ಹಾಗೆ ಕತ್ತು ಓರೆ ಮಾಡಿ ಕೂತಿದ್ದೆನೆಂದು ಆಮೇಲೆ ಕತ್ತು ನೋಯುವಾಗ ಗೊತ್ತಾಯಿತು.

ಕೊನೆಯ ಪರೀಕ್ಷೆ ಬಾಕಿ ಇತ್ತು. ಹಳೆಯ ಬಿಲ್ಲೊಂದನ್ನು ಎರಡು ಕಂಪ್ಯೂಟರುಗಳಲ್ಲೂ ಮಾಡಿ ಪಕ್ಕಪಕ್ಕದಲ್ಲಿಟ್ಟು ನೋಡಬೇಕಂತೆ. ಸೌಮ್ಯ ಕೈಗೆ ಸಿಕ್ಕಿದ್ದೊಂದನ್ನು ತೆಗೆದಳು. ಅದು ನಮ್ಮದೇ ಮನೆಯದು. ಅಣ್ಣನ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಪಾತ್ರೆಗಳನ್ನು ನಮ್ಮ ಅಂಗಡಿಯಿಂದಲೇ ಒಯ್ದಿದ್ದೆವು. ಅವಳಿಗದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಎರಡೂ ಬಿಲ್ಲುಗಳು ಒಂದೇ ಹಾಗಿದ್ದವು, ಕೊನೆಯ ಸಾಲೊಂದನ್ನು ಬಿಟ್ಟು. ಹೊಸದರಲ್ಲಿ ‘ಧನ್ಯವಾದ, ಮತ್ತೆ ಬನ್ನಿ’ ಎಂದಿತ್ತು. ಹಳೆಯದರಲ್ಲಿ ಆ ಜಾಗ ಖಾಲಿ.

“ಓ, ಇದಾ?” ಎಂದಳು ಸೌಮ್ಯ. “ಈ ಕಾರ್ಯಕ್ರಮಕ್ಕೆ ಮಾತ್ರ ಖಾಲಿ ಸಾಲು ಹಾಕುವ ಭಾಗ ಒಂದಿತ್ತು. ಟೂಲ್ ಅದಕ್ಕೆ ‘ಇದು ಏನೂ ಮಾಡುವುದಿಲ್ಲ, ತೆಗೆಯಬಹುದು’ ಅಂತ ಬರೆದಿತ್ತು. ನಾನು ಹ್ಞೂಂ ಅಂದೆ.”

“ಅದು ಬೊಜ್ಜದ ಬಿಲ್ಲು ಮಾರಾಯ್ತಿ. ‘ಮತ್ತೆ ಬನ್ನಿ’ ಹೇಳ್ಲಿಕ್ಕುಂಟಾ?”

ಅವಳು ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ನಮ್ಮಲ್ಲೂ ಹೇಳುದಿಲ್ಲ.”

ಆದರೂ ನಾನು ಬಿಡಲಿಲ್ಲ. ಸಾವಿನ ಮನೆಯಿಂದ ಹೊರಡುವವರು ‘ಬರ್ತೇನೆ’ ಎನ್ನಬಾರದು, ಮನೆಯವರು ‘ಬನ್ನಿ’ ಎನ್ನಬಾರದು, ಅಣ್ಣ ಅದಕ್ಕಾಗಿಯೇ ಆ ಸಾಲನ್ನು ಖಾಲಿ ಬಿಟ್ಟದ್ದು ಎಂದು, ಗೊತ್ತಿದ್ದವಳಿಗೇ ಉದ್ದಕ್ಕೆ ವಿವರಿಸಿದೆ. ವಿವರಿಸುವಾಗ ಆ ದಿನವೇ ಕಣ್ಣ ಮುಂದಿತ್ತು. ಉಂಡವರು ಕೈ ತೊಳೆದು, ಚಪ್ಪಲಿ ಹುಡುಕಿ, ನನ್ನ ಮುಖ ನೋಡದೆ ಒಬ್ಬೊಬ್ಬರಾಗಿ ಹೋಗಿದ್ದರು. ಕ್ರಮ ಸರಿಯೇ. ಆದರೆ ಒಬ್ಬರಾದರೂ ತಪ್ಪಿ ‘ಬರ್ತೇನೆ’ ಎಂದಿದ್ದರೆ ಅಂಗಳ ಅಷ್ಟು ಖಾಲಿ ಎನಿಸುತ್ತಿರಲಿಲ್ಲವೇನೋ. ಅಣ್ಣನಾದರೋ ದೂರದ ಆಲಂಕಾರಿನಿಂದ ಕೊಪ್ಪರಿಗೆ ತರಲು ಹೊರಟರೂ “ಈಗ ಬಂದೆ” ಎಂದೇ ಹೋಗುವವನು. ಬರುವಾಗ ಸಂಜೆಯಾಗುತ್ತಿತ್ತು, ಆದರೆ ಬರುತ್ತಿದ್ದ.

“ಆಯ್ತು ಕುಶಾಲಣ್ಣ, ಆ ಭಾಗ ಹಾಗೇ ವಾಪಸು ಹಾಕ್ತೇನೆ. ಏನೂ ಮಾಡದಿದ್ರೂ ಅಲ್ಲೇ ಇರ್ಲಿ” ಎಂದು ಸೌಮ್ಯ ಕೀಲಿಮಣೆಗೆ ಬಾಗಿದಳು.

ಅಷ್ಟರಲ್ಲಿ ಮೇಜಿನ ಡ್ರಾಯರಿನೊಳಗೆ ಟಿಣ್ ಎಂದಿತು. ಅಲ್ಲಿರುವುದು ಅಣ್ಣನ ಫೋನು. ನಾನು ಅದಕ್ಕೆ ಚಾರ್ಜು ಮಾಡುತ್ತೇನೆ, ರೀಚಾರ್ಜೂ ಮಾಡಿಸುತ್ತೇನೆ. ಮನೆಯಲ್ಲಿ ಕೇಳಿದರೆ ಬ್ಯಾಂಕಿನ ಓಟಿಪಿ ಬರುತ್ತದೆ ಎನ್ನುತ್ತೇನೆ. ಬ್ಯಾಂಕಿನ ಕೆಲಸ ಮುಗಿದು ತಿಂಗಳುಗಳಾದವು. ತೆಗೆದು ನೋಡಿದೆ. ಹೊಸ ಪ್ರೋಗ್ರಾಂ ಬಿಲ್ಲನ್ನು ಗಿರಾಕಿಯ ಫೋನಿಗೂ ಕಳುಹಿಸುತ್ತದಂತೆ, ನಮ್ಮ ಮನೆಯ ಹೆಸರಿಗೆ ಇದ್ದದ್ದು ಅಣ್ಣನ ನಂಬ್ರ. ತಪ್ಪು ಬಿಲ್ಲು ನೆಟ್‌ವರ್ಕ್ ಹುಡುಕಿಕೊಂಡು ತಡವಾಗಿ ಬಂದು ತಲುಪಿತ್ತು. ಮೇಲೆ ನಮ್ಮ ಅಂಗಡಿಯ ಹೆಸರು, ಕೆಳಗೆ ‘ಧನ್ಯವಾದ, ಮತ್ತೆ ಬನ್ನಿ’ ಎಂಬ ಆ ಸಾಲು.

“ಯಾರ ಫೋನ್?” ಸೌಮ್ಯ ತಲೆ ಎತ್ತದೆ ಕೇಳಿದಳು.

“ಒಬ್ಬರು ಗಿರಾಕಿಯದ್ದು. ಇಲ್ಲೇ ಬಿಟ್ಟು ಹೋಗಿದ್ದಾರೆ.”

“ಪಾಪ, ಹುಡುಕ್ತಾ ಇರ್ಬಹುದು.”

“ಬರ್ತಾರೆ” ಎಂದೆ.

ಆಡಬಾರದ ಮಾತಿನ ಬಗ್ಗೆ ಅಷ್ಟುದ್ದ ಪಾಠ ಮಾಡಿದ ಬಾಯಿಗೆ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಸೌಮ್ಯಳಿಗೆ ಅನುಮಾನವೇ ಬರಲಿಲ್ಲ. ನಾನೂ ಒಂದು ಗಳಿಗೆ ಬಾಗಿಲಿನ ಕಡೆ ನೋಡಿದೆ.